ಕಡಲಿಲ್ಲದ ಊರಿನ ಮಕ್ಕಳಿಗೆ ಉಬ್ಬರವಿಳಿತ: ಚಂದ್ರನಿಂದ ಬಂಡೆಯ ಗುಂಡಿಯವರೆಗೆ

ಕೊಪ್ಪಳ, ರಾಯಚೂರು, ಬಳ್ಳಾರಿ ಕಡೆಯ ಶಿಕ್ಷಕರೂ ಪಾಲಕರೂ ಪದೇ ಪದೇ ಕೇಳುವ ಪ್ರಶ್ನೆಯೊಂದಿದೆ. ಸಮುದ್ರವನ್ನೇ ಕಾಣದ ಮಕ್ಕಳಿಗೆ ಉಬ್ಬರವಿಳಿತದ ಪಾಠವನ್ನು ಹೇಗೆ ಮಾಡಬೇಕು? ಬಸ್ಸು ಮಾಡಿಕೊಂಡು ಕರಾವಳಿಗೆ ಕರೆದೊಯ್ದರೆ ಸಾಕಲ್ಲವೇ ಎಂದು ಹಲವರು ಭಾವಿಸುತ್ತಾರೆ. ಸಾಲದು. ತಯಾರಿಯಿಲ್ಲದೆ ಹೋದ ಮಕ್ಕಳು ಅಲೆಯನ್ನು ನೋಡಿ, ಮರಳಲ್ಲಿ ಆಡಿ, ಒದ್ದೆ ಬಟ್ಟೆಯಲ್ಲಿ ಮರಳುತ್ತಾರೆ. ನೀರು ಏರಿತೋ ಇಳಿಯಿತೋ ಎಂಬುದು ಅವರ ಗಮನಕ್ಕೆ ಬರುವುದೇ ಇಲ್ಲ. ಈ ಪಾಠದ ಮುಕ್ಕಾಲು ಭಾಗ ಆಕಾಶದಲ್ಲಿದೆ, ಅದನ್ನು ನಮ್ಮ ಬಯಲುಸೀಮೆಯ ತಿಳಿಯಾದ ಆಕಾಶದಲ್ಲಿ ಕರಾವಳಿಯವರಿಗಿಂತ ಚೆನ್ನಾಗಿ ಕಲಿಯಬಹುದು. ಆದ್ದರಿಂದ ಮೊದಲು ಚಂದ್ರ, ಆಮೇಲೆ ಕಾಗದದ ಮೇಲಿನ ಸಮುದ್ರ, ಕೊನೆಗೆ ನಿಜವಾದ ಸಮುದ್ರ ಎಂಬ ಕ್ರಮದಲ್ಲಿ ಈ ಮಾರ್ಗದರ್ಶಿಯನ್ನು ಬರೆದಿದೆ. ಇದು ಐದರಿಂದ ಎಂಟನೆಯ ತರಗತಿಯ ಮಕ್ಕಳಿಗೆ ಹೊಂದುತ್ತದೆ.

ಮೊದಲಿಗೆ ಎರಡು ಪದಗಳ ಅರ್ಥವನ್ನು ಹೇಳಿಬಿಡುತ್ತೇನೆ. ಸಮುದ್ರದ ನೀರು ನಿಧಾನವಾಗಿ ದಡದತ್ತ ಏರುವುದು ಉಬ್ಬರ, ಹಿಂದೆ ಸರಿದು ತಗ್ಗುವುದು ಇಳಿತ. ಉಬ್ಬರವನ್ನು ಕರಾವಳಿಯ ಮೀನುಗಾರರು ಭರತ ಎಂದೂ ಕರೆಯುತ್ತಾರೆ. ಅವರೊಡನೆ ಮಾತನಾಡುವಾಗ ಇದು ನೆನಪಿರಲಿ. ಇಳಿತವಾದಾಗ ಕಡಲಂಚಿನ ಬಂಡೆಗಳ ತಗ್ಗುಗಳಲ್ಲಿ ಉಪ್ಪುನೀರು ನಿಲ್ಲುತ್ತದೆ. ಜೀವಿಗಳಿಂದ ತುಂಬಿದ ಈ ಗುಂಡಿಗಳನ್ನೇ ಪಠ್ಯಗಳು ಟೈಡ್‌ಪೂಲ್ ಎನ್ನುತ್ತವೆ. ಇಲ್ಲಿ ಬಂಡೆಯ ಗುಂಡಿ ಎಂದೇ ಕರೆಯುತ್ತೇನೆ.

ಬೇಕಾಗುವ ಸಾಮಗ್ರಿಗಳು

ಪ್ರತಿ ಮಗುವಿಗೂ ಒಂದು ನೋಟ್‌ಬುಕ್, ಗೋಡೆಗೆ ತೂಗುಹಾಕುವ ಪಂಚಾಂಗದ ಕ್ಯಾಲೆಂಡರ್, ಒಂದು ಫುಟ್‌ಬಾಲ್, ಕೆಲವು ಸಣ್ಣ ಚೆಂಡುಗಳು, ಕವಚವಿಲ್ಲದ ಒಂದು ಬಲ್ಬು, ಅಳತೆಯ ಟೇಪು, ಗ್ರಾಫ್ ಹಾಳೆಗಳು, ಎರಡು ಬಸಿ, ಉಪ್ಪು. ಇದರಲ್ಲಿ ಕೊಳ್ಳಬೇಕಾದ್ದು ಹೆಚ್ಚೇನಿಲ್ಲ.

ಹಂತ 1: ಒಂದು ತಿಂಗಳ ಚಂದ್ರನ ದಿನಚರಿ

ದೀಪಾವಳಿಯ ಬಲಿಪಾಡ್ಯದ ಮರುದಿನ, ಅಂದರೆ ಶುಕ್ಲ ಬಿದಿಗೆಯಂದು ಪ್ರಾರಂಭಿಸುವುದು ಒಳ್ಳೆಯದು. ಆ ಹೊತ್ತಿಗೆ ಮಳೆಗಾಲದ ಮೋಡ ಬಹುಮಟ್ಟಿಗೆ ಸರಿದಿರುತ್ತದೆ. ಸೂರ್ಯ ಮುಳುಗಿದ ಮೇಲೆ ಪಶ್ಚಿಮದಲ್ಲಿ, ದಿಗಂತಕ್ಕೆ ಹತ್ತಿರವಾಗಿ, ತೆಳುವಾದ ಚಂದ್ರನನ್ನು ಹುಡುಕಲು ಹೇಳಿ. ಅಂದಿನಿಂದ ಪ್ರತಿದಿನ ಮಕ್ಕಳು ನಾಲ್ಕು ವಿಷಯಗಳನ್ನು ಬರೆದುಕೊಳ್ಳಬೇಕು: ನೋಡಿದ ವೇಳೆ, ಕ್ಯಾಲೆಂಡರಿನಲ್ಲಿರುವ ತಿಥಿ, ಚಂದ್ರನ ಆಕಾರದ ಚಿತ್ರ, ಮತ್ತು ಚಂದ್ರನಿದ್ದ ದಿಕ್ಕು. ಎತ್ತರವನ್ನು ಅಳೆಯಲು ಉಪಕರಣ ಬೇಡ. ಕೈಯನ್ನು ನೇರವಾಗಿ ಚಾಚಿ ಮುಷ್ಟಿ ಕಟ್ಟಿದರೆ ಆ ಮುಷ್ಟಿಯ ಅಗಲ ಆಕಾಶದಲ್ಲಿ ಸುಮಾರು ಹತ್ತು ಡಿಗ್ರಿ. ಪ್ರತಿ ಸಂಜೆ ಒಂದೇ ವೇಳೆಗೆ ನೋಡಿದರೆ ಚಂದ್ರನು ಹಿಂದಿನ ದಿನಕ್ಕಿಂತ ಒಂದು ಮುಷ್ಟಿಗಿಂತ ತುಸು ಹೆಚ್ಚು ಪೂರ್ವಕ್ಕೆ ಸರಿದಿರುವುದು ಮಕ್ಕಳಿಗೇ ತಿಳಿಯುತ್ತದೆ. ಸೂರ್ಯನಿಂದ ಚಂದ್ರನು ಹನ್ನೆರಡು ಡಿಗ್ರಿ ದೂರ ಸರಿಯಲು ಹಿಡಿಯುವ ಕಾಲವೇ ಒಂದು ತಿಥಿ; ಪಂಚಾಂಗ ಈ ಲೆಕ್ಕವನ್ನು ಶತಮಾನಗಳಿಂದ ಇಟ್ಟುಕೊಂಡು ಬಂದಿದೆ.

ಹುಣ್ಣಿಮೆ ಈ ಹಂತದ ಮುಖ್ಯ ದಿನ. ಅಂದು ಸೂರ್ಯ ಮುಳುಗುವ ಹೊತ್ತಿಗೇ ಚಂದ್ರ ಪೂರ್ವದಲ್ಲಿ ಹುಟ್ಟುತ್ತಾನೆ. ಹುಣ್ಣಿಮೆಗೆ ಹುಲಿಗೆಮ್ಮನ ದರ್ಶನಕ್ಕೆ ಹೋಗುವ ಮನೆಗಳ ಮಕ್ಕಳು ಹುಲಿಗಿಯಿಂದಲೇ ಅದನ್ನು ನೋಡಿ ಬರೆದುಕೊಳ್ಳಲಿ. ಅಲ್ಲಿಂದ ನಾಲ್ಕೈದು ದಿನ ಚಂದ್ರ ಹುಟ್ಟುವ ವೇಳೆಯನ್ನು ಗಡಿಯಾರ ನೋಡಿ ಗುರುತಿಸಬೇಕು. ಒಂದೊಂದು ದಿನ ವ್ಯತ್ಯಾಸ ಹೆಚ್ಚು ಕಡಿಮೆಯಾದರೂ ವರ್ಷದ ಸರಾಸರಿಯಲ್ಲಿ ಚಂದ್ರೋದಯ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತದೆ. ಸಂಕಷ್ಟಿ ಹಿಡಿಯುವ ಅಜ್ಜಿಯರನ್ನು ಕೇಳಿದರೆ ಇದಕ್ಕೆ ಸಾಕ್ಷಿ ಮನೆಯಲ್ಲೇ ಸಿಗುತ್ತದೆ: ಹುಣ್ಣಿಮೆಯಂದು ಸಂಜೆಗೇ ಬಂದ ಚಂದ್ರನಿಗಾಗಿ ಚೌತಿಯಂದು ರಾತ್ರಿ ಒಂಬತ್ತು ಗಂಟೆಯ ಆಸುಪಾಸಿನವರೆಗೂ ಉಪವಾಸ ಕಾಯಬೇಕು. ಈ 50 ನಿಮಿಷವನ್ನು ಮಕ್ಕಳ ನೋಟ್‌ಬುಕ್ಕಿನಲ್ಲಿ ದೊಡ್ಡದಾಗಿ ಬರೆಸಿ. ನಾಲ್ಕನೆಯ ಹಂತದಲ್ಲಿ ಇದು ಬೇಕಾಗುತ್ತದೆ.

ಇಲ್ಲಿ ಸಾಮಾನ್ಯವಾಗಿ ಎಡವುವುದು ಮೂರು ಕಡೆ. ಒಂದು, ಕೃಷ್ಣಪಕ್ಷದಲ್ಲಿ ರಾತ್ರಿ ಎಚ್ಚರವಿರಲಾಗದು ಎಂದು ದಿನಚರಿಯನ್ನು ಅರ್ಧಕ್ಕೇ ಬಿಡುವುದು. ಹಾಗೆ ಬಿಡಬೇಕಿಲ್ಲ, ಕೃಷ್ಣ ಅಷ್ಟಮಿಯ ಸುಮಾರಿಗೆ ಬೆಳಗ್ಗೆ ಶಾಲೆಗೆ ಹೊರಡುವಾಗ ಚಂದ್ರನು ಹಗಲು ಬೆಳಕಿನಲ್ಲೇ ಕಾಣುತ್ತಾನೆ. ಎರಡು, ತಿಥಿ ನಡುವೆ ಬಿಟ್ಟುಹೋದಂತೆ ಅಥವಾ ಎರಡು ದಿನ ಒಂದೇ ತಿಥಿ ಬಂದಂತೆ ಕಂಡಾಗ ಕ್ಯಾಲೆಂಡರ್ ತಪ್ಪೆಂದುಕೊಳ್ಳುವುದು. ಸೂರ್ಯೋದಯದ ವೇಳೆಗೆ ಯಾವ ತಿಥಿ ನಡೆಯುತ್ತಿದೆಯೋ ಅದನ್ನೇ ಆ ದಿನಕ್ಕೆ ಹಾಕುವುದರಿಂದ ಹೀಗಾಗುತ್ತದೆ. ಮೂರನೆಯದು ಪಠ್ಯಪುಸ್ತಕದ ಚಿತ್ರ. ಅಲ್ಲಿ ಬಿದಿಗೆಯ ಚಂದ್ರನು ನೆಟ್ಟಗೆ ನಿಂತ ಕಮಾನಿನಂತಿರುತ್ತಾನೆ, ಏಕೆಂದರೆ ಅಂತಹ ಚಿತ್ರಗಳು ಬಹುಪಾಲು ಉತ್ತರದ ದೂರದ ದೇಶಗಳ ಆಕಾಶವನ್ನು ತೋರಿಸುತ್ತವೆ. ನಮ್ಮ ಊರುಗಳು ಭೂಮಧ್ಯರೇಖೆಯಿಂದ ಸುಮಾರು 15–16 ಡಿಗ್ರಿ ಉತ್ತರದಲ್ಲಿರುವುದರಿಂದ ಇಲ್ಲಿ ಅವನು ಬಹುತೇಕ ದೋಣಿಯಂತೆ ಮಲಗಿರುತ್ತಾನೆ. ಮಗು ಮಲಗಿದ ಚಂದ್ರನನ್ನು ಬರೆದರೆ ಕೆಂಪು ಪೆನ್ನಿನಿಂದ ತಿದ್ದಬೇಡಿ; ಸರಿಯಾಗಿರುವುದು ಮಗುವೇ.

ಹಂತ 2: ಬಲ್ಬು ಮತ್ತು ಚೆಂಡು

ಕೋಣೆಯನ್ನು ಕತ್ತಲಾಗಿಸಿ ನಡುವೆ ಬಲ್ಬನ್ನು ಹಚ್ಚಿ. ಅದು ಸೂರ್ಯ. ಮಗುವಿನ ತಲೆ ಭೂಮಿ, ಚಾಚಿದ ಕೈಯಲ್ಲಿರುವ ಸಣ್ಣ ಚೆಂಡು ಚಂದ್ರ. ಮಗು ನಿಂತಲ್ಲೇ ಎಡಕ್ಕೆ ನಿಧಾನವಾಗಿ ತಿರುಗಿದರೆ ಅಮಾವಾಸ್ಯೆಯಿಂದ ಹುಣ್ಣಿಮೆಯವರೆಗಿನ ಎಲ್ಲ ಆಕಾರಗಳೂ ಚೆಂಡಿನ ಮೇಲೆ ಮೂಡುತ್ತವೆ. ಚೆಂಡನ್ನು ತಲೆಗಿಂತ ಸ್ವಲ್ಪ ಮೇಲೆ ಹಿಡಿಯಬೇಕು. ಇಲ್ಲವಾದರೆ ಪ್ರತಿ ಹುಣ್ಣಿಮೆಗೂ ತಲೆಯ ನೆರಳು ಬಿದ್ದು ಗ್ರಹಣವಾಗುತ್ತದೆ. ಚಂದ್ರನ ಪಥವು ಸುಮಾರು ಐದು ಡಿಗ್ರಿ ವಾಲಿರುವುದರಿಂದ ನಿಜದಲ್ಲಿ ಹಾಗಾಗುವುದಿಲ್ಲ. ಚಂದ್ರನ ಆಕಾರ ಬದಲಾಗುವುದು ಭೂಮಿಯ ನೆರಳಿನಿಂದ ಎಂಬ ತಪ್ಪು ಕಲ್ಪನೆ ದೊಡ್ಡವರಲ್ಲೂ ಇದೆ. ಅದನ್ನು ಇಲ್ಲಿಯೇ ಕಳೆಯಬೇಕು.

ದೂರದ ಅರಿವು ಮೂಡಿಸಲು ಫುಟ್‌ಬಾಲನ್ನು ಭೂಮಿಯೆಂದುಕೊಳ್ಳಿ. ಆಗ ಚಂದ್ರನು ಸುಮಾರು ಆರು ಸೆಂಟಿಮೀಟರ್ ಅಡ್ಡಗಲದ ಚೆಂಡಾಗುತ್ತಾನೆ. ಅವನನ್ನು ಎಲ್ಲಿಡಬೇಕೆಂದು ಮಕ್ಕಳನ್ನೇ ಕೇಳಿ. ಬಹುತೇಕರು ಒಂದು ಮೊಳದೊಳಗೇ ಇಡುತ್ತಾರೆ. ಇಡಬೇಕಾದ್ದು ಆರೂವರೆ ಮೀಟರ್ ಆಚೆ. ಭೂಮಿಯಿಂದ ಚಂದ್ರನಿಗೆ ಸರಾಸರಿ 3,84,400 ಕಿಲೋಮೀಟರ್, ಅಂದರೆ ಸುಮಾರು ಮೂವತ್ತು ಭೂಮಿಗಳನ್ನು ಸಾಲಾಗಿ ಇಟ್ಟಷ್ಟು ದೂರ.

ಹಂತ 3: ಎರಡು ಕಡೆ ಉಬ್ಬುವುದೇಕೆ?

ಚಂದ್ರನು ಭೂಮಿಯ ನೀರನ್ನು ಎಳೆಯುತ್ತಾನೆ ಎಂದಷ್ಟೇ ಹೇಳಿ ಮುಂದೆ ಹೋದರೆ ಜಾಣ ಮಗುವೊಂದು ಕೇಳಿಯೇ ಕೇಳುತ್ತದೆ: ಹಾಗಿದ್ದರೆ ದಿನಕ್ಕೆ ಒಂದೇ ಉಬ್ಬರ ಬರಬೇಕಲ್ಲ, ಎರಡು ಏಕೆ? ಇಡೀ ಪಾಠದ ತಿರುಳು ಈ ಪ್ರಶ್ನೆಯಲ್ಲಿದೆ. ಇದಕ್ಕೆ ಸರಿಯಾದ ಉತ್ತರದ ದಾರಿಯನ್ನು 1687ರಲ್ಲಿ ತೋರಿಸಿದವರು ಐಸಾಕ್ ನ್ಯೂಟನ್. ಅದಕ್ಕೆ ಮೊದಲು ಗೆಲಿಲಿಯೊ ಅವರಂತಹವರೂ ಭೂಮಿಯ ಚಲನೆಯಿಂದಲೇ ಉಬ್ಬರವಾಗುತ್ತದೆಂದು ವಾದಿಸಿದ್ದರು.

ಆಟದ ಬಯಲಿನಲ್ಲಿ ಮೂವರು ಮಕ್ಕಳನ್ನು ಒಬ್ಬರ ಹಿಂದೊಬ್ಬರಂತೆ ಎರಡೆರಡು ಹೆಜ್ಜೆ ಅಂತರದಲ್ಲಿ ನಿಲ್ಲಿಸಿ. ಮುಂದಿನ ಮಗು ಚಂದ್ರನ ಕಡೆಯ ನೀರು, ನಡುವಿನ ಮಗು ಭೂಮಿ, ಹಿಂದಿನ ಮಗು ಆಚೆ ಬದಿಯ ನೀರು. ಚಂದ್ರನಾಗಿ ಇನ್ನೊಂದು ಮಗು ದೂರದಲ್ಲಿ ಎದುರಿಗೆ ನಿಲ್ಲಲಿ. ಹತ್ತಿರದ್ದನ್ನು ಚಂದ್ರ ಹೆಚ್ಚು ಎಳೆಯುತ್ತಾನೆ, ದೂರದ್ದನ್ನು ಕಡಿಮೆ. ಆದ್ದರಿಂದ ಮುಂದಿನ ಮಗು ಮೂರು ಹೆಜ್ಜೆ, ನಡುವಿನದು ಎರಡು, ಹಿಂದಿನದು ಒಂದು ಹೆಜ್ಜೆ ಮುಂದೆ ಹೋಗಬೇಕು. ಈಗ ಅಂತರವನ್ನು ಅಳೆಯಿರಿ. ಎಲ್ಲರೂ ಚಂದ್ರನತ್ತಲೇ ನಡೆದಿದ್ದರೂ ಭೂಮಿಯ ಎರಡೂ ಬದಿಯಲ್ಲಿ ಅಂತರ ಒಂದೊಂದು ಹೆಜ್ಜೆ ಹಿಗ್ಗಿರುತ್ತದೆ. ಆಚೆ ಬದಿಯ ನೀರನ್ನು ಯಾರೂ ಹೊರಕ್ಕೆ ತಳ್ಳಿಲ್ಲ. ಭೂಮಿಯೇ ಅದಕ್ಕಿಂತ ಹೆಚ್ಚು ಮುಂದೆ ಸರಿದಿದೆ.

ಉಬ್ಬರ ಹುಟ್ಟುವುದು ಎಳೆತದಿಂದಲ್ಲ, ಎಳೆತದ ವ್ಯತ್ಯಾಸದಿಂದ ಎಂಬುದು ಮನದಟ್ಟಾದರೆ ಮುಂದಿನ ಎರಡು ಪ್ರಶ್ನೆಗಳಿಗೂ ಉತ್ತರ ಸಿಗುತ್ತದೆ. ಸೂರ್ಯನು ಭೂಮಿಯನ್ನು ಚಂದ್ರನಿಗಿಂತ ಸುಮಾರು 178 ಪಟ್ಟು ಹೆಚ್ಚು ಬಲದಿಂದ ಎಳೆಯುತ್ತಾನೆ. ಆದರೆ ಅವನು ಬಹಳ ದೂರದಲ್ಲಿರುವ ಕಾರಣ ಭೂಮಿಯ ಈ ಬದಿಗೂ ಆ ಬದಿಗೂ ಎಳೆತದ ವ್ಯತ್ಯಾಸ ಸಣ್ಣದು. ಉಬ್ಬರವೆಬ್ಬಿಸುವುದರಲ್ಲಿ ಅವನ ಪಾಲು ಚಂದ್ರನ ಪಾಲಿನ ಅರ್ಧಕ್ಕಿಂತ ಕಡಿಮೆ. ಅಮಾವಾಸ್ಯೆ, ಹುಣ್ಣಿಮೆಗಳಲ್ಲಿ ಇಬ್ಬರೂ ಭೂಮಿಯೊಡನೆ ಒಂದೇ ಸಾಲಿನಲ್ಲಿ ಬರುವುದರಿಂದ ಉಬ್ಬರ ಹೆಚ್ಚು ಎತ್ತರಕ್ಕೆ ಏರುತ್ತದೆ, ಇಳಿತ ಹೆಚ್ಚು ತಗ್ಗಿಗೆ ಹೋಗುತ್ತದೆ. ಅಷ್ಟಮಿಯ ಸುಮಾರಿಗೆ ಇಬ್ಬರ ಎಳೆತವೂ ಅಡ್ಡಡ್ಡವಾಗಿ, ಏರಿಳಿತ ತೀರ ಕಡಿಮೆಯಾಗುತ್ತದೆ.

ಎರಡನೆಯದು ನಮ್ಮ ಮಕ್ಕಳಷ್ಟೇ ಕೇಳಬಹುದಾದ ಪ್ರಶ್ನೆ: ಮುನಿರಾಬಾದಿನ ಹತ್ತಿರ ತುಂಗಭದ್ರಾ ಜಲಾಶಯದಲ್ಲಿ ಅಷ್ಟೊಂದು ನೀರಿದ್ದರೂ ಅಲ್ಲೇಕೆ ಉಬ್ಬರವಿಲ್ಲ? ಜಲಾಶಯ ನಮಗೆ ದೊಡ್ಡದು, ಚಂದ್ರನಿಗೆ ಅಲ್ಲ. ಅದರ ಈ ದಡಕ್ಕೂ ಆ ದಡಕ್ಕೂ ಚಂದ್ರನ ಎಳೆತದಲ್ಲಿ ಲೆಕ್ಕಕ್ಕೆ ಸಿಗುವಂತಹ ವ್ಯತ್ಯಾಸವಿಲ್ಲ. ಸಾವಿರಾರು ಕಿಲೋಮೀಟರ್ ಹರಡಿದ ಸಾಗರದಲ್ಲಿ ಮಾತ್ರ ಆ ವ್ಯತ್ಯಾಸ ಒಟ್ಟುಗೂಡಿ ಮೀಟರುಗಟ್ಟಲೆ ಏರಿಳಿತವಾಗುತ್ತದೆ. ಜಲಾಶಯದ ಮಟ್ಟ ಬದಲಾಗುವುದು ಒಳಹರಿವಿನಿಂದ ಮತ್ತು ಕಾಲುವೆಗೆ ಬಿಟ್ಟ ನೀರಿನಿಂದ. ಬಾವಿಯ ನೀರು, ಮೈಯೊಳಗಿನ ನೀರು ಹುಣ್ಣಿಮೆಗೆ ಉಬ್ಬುತ್ತದೆ ಎಂಬ ಮಾತಿಗೂ ಇದೇ ಉತ್ತರ.

ಒಂದು ಎಚ್ಚರಿಕೆ. ಪುಸ್ತಕದಲ್ಲಿರುವ, ಎರಡು ಕಡೆ ಉಬ್ಬಿದ ಭೂಮಿಯ ಚಿತ್ರವನ್ನು ನಂಬಿ, ಚಂದ್ರ ನೆತ್ತಿಯ ಮೇಲೆ ಬಂದೊಡನೆ ಉಬ್ಬರವಾಗುತ್ತದೆ ಎಂದು ಮಕ್ಕಳಿಗೆ ಹೇಳಬೇಡಿ. ಭೂಖಂಡಗಳು ಅಡ್ಡ ನಿಂತಿವೆ, ಸಮುದ್ರದ ಆಳ ಎಲ್ಲೆಡೆ ಒಂದೇ ಅಲ್ಲ. ಅದರಿಂದಾಗಿ ಪ್ರತಿ ಬಂದರಿಗೂ ಅದರದೇ ಆದ ತಡವಿದೆ, ಅದರದೇ ಆದ ಎತ್ತರವಿದೆ. ಕಾರವಾರದಲ್ಲಿ ದೊಡ್ಡ ಏರಿಳಿತವೆಂದರೂ ಎರಡು ಮೀಟರಿನ ಆಸುಪಾಸು; ಅದೇ ಪಶ್ಚಿಮ ಕರಾವಳಿಯ ಖಂಭಾತ್ ಕೊಲ್ಲಿಯ ಭಾವನಗರದಲ್ಲಿ ಅದು ಹತ್ತು ಮೀಟರಿಗೂ ಹೆಚ್ಚು.

ಹಂತ 4: ಉಬ್ಬರವಿಳಿತದ ಕೋಷ್ಟಕವನ್ನು ಓದುವುದು

ಯಾವ ದಿನ, ಎಷ್ಟು ಗಂಟೆಗೆ, ಎಷ್ಟು ಎತ್ತರಕ್ಕೆ ನೀರು ಬರುತ್ತದೆ ಎಂಬುದನ್ನು ಮೊದಲೇ ಲೆಕ್ಕ ಹಾಕಿ ಕೊಡುವ ಪಟ್ಟಿಯೇ ಉಬ್ಬರವಿಳಿತದ ಕೋಷ್ಟಕ. ಭಾರತೀಯ ಸರ್ವೇಕ್ಷಣಾ ಇಲಾಖೆ ಇದನ್ನು ಪ್ರತಿವರ್ಷ ಪ್ರಕಟಿಸುತ್ತದೆ; ಅಂತರ್ಜಾಲದಲ್ಲಿ ಕಾರವಾರದ ಹೆಸರು ಹಾಕಿ ಹುಡುಕಿದರೂ ಸಿಗುತ್ತದೆ. ಒಂದು ತಿಂಗಳ ಪಟ್ಟಿಯನ್ನು ಮುದ್ರಿಸಿಕೊಂಡು, ಅಡ್ಡಕ್ಕೆ ದಿನ ಮತ್ತು ವೇಳೆ, ಉದ್ದಕ್ಕೆ ಎತ್ತರ ಬರುವಂತೆ ಗ್ರಾಫ್ ಹಾಳೆಯಲ್ಲಿ ಚುಕ್ಕೆಯಿಟ್ಟು ಸೇರಿಸಲು ಹೇಳಿ. ತರಗತಿಯನ್ನು ಗುಂಪುಗಳಾಗಿ ಹಂಚಿ ಒಂದೊಂದು ಗುಂಪಿಗೆ ಒಂದು ವಾರ ಕೊಟ್ಟು, ಕೊನೆಗೆ ಹಾಳೆಗಳನ್ನು ಅಂಟಿಸಿ ಗೋಡೆಗೆ ಹಚ್ಚಬಹುದು. ಅದರ ಕೆಳಗೆ ಅದೇ ದಿನಗಳ ಚಂದ್ರನ ಚಿತ್ರಗಳನ್ನು ಅಂಟಿಸಿ.

ಆಗ ಮಕ್ಕಳಿಗೇ ಮೂರು ಸಂಗತಿಗಳು ಕಾಣುತ್ತವೆ. ಒಂದು ಉಬ್ಬರದಿಂದ ಮುಂದಿನ ಉಬ್ಬರಕ್ಕೆ ಸರಾಸರಿ 12 ಗಂಟೆ 25 ನಿಮಿಷ. ಎರಡು ಉಬ್ಬರ ಸೇರಿದರೆ 24 ಗಂಟೆ 50 ನಿಮಿಷ. ಅಂದರೆ ಸಮುದ್ರವೂ ದಿನಕ್ಕೆ 50 ನಿಮಿಷ ತಡ ಮಾಡುತ್ತದೆ, ಅವರ ನೋಟ್‌ಬುಕ್ಕಿನ ಚಂದ್ರ ಮಾಡಿದಂತೆಯೇ. ಈ ಎರಡು ಐವತ್ತುಗಳನ್ನು ನೀವು ಬಾಯಿಬಿಟ್ಟು ಹೇಳಬಾರದು. ಮಕ್ಕಳು ಕಂಡುಕೊಳ್ಳುವವರೆಗೆ ಕಾಯಬೇಕು. ಎರಡನೆಯದಾಗಿ, ದಿನದ ಎರಡು ಉಬ್ಬರಗಳಾಗಲಿ ಇಳಿತಗಳಾಗಲಿ ಸಮವಾಗಿಲ್ಲ. ಮೂರನೆಯದಾಗಿ, ಅತಿ ದೊಡ್ಡ ಏರಿಳಿತ ಹುಣ್ಣಿಮೆ, ಅಮಾವಾಸ್ಯೆಯಂದೇ ಬರದೆ ಸಾಮಾನ್ಯವಾಗಿ ಒಂದೆರಡು ದಿನ ತಡವಾಗಿ ಬರುತ್ತದೆ.

ಕೋಷ್ಟಕದಲ್ಲಿ 0.3 ಮೀಟರ್ ಎಂದಿದ್ದರೆ ಅದು ನೀರಿನ ಆಳವಲ್ಲ. ನೀರು ಇಳಿಯಬಹುದಾದ ಹೆಚ್ಚುಕಡಿಮೆ ಅತಿ ತಗ್ಗಿನ ಮಟ್ಟವನ್ನು ಸೊನ್ನೆ ಎಂದಿಟ್ಟುಕೊಂಡು, ಅಲ್ಲಿಂದ ಅಳೆದ ಎತ್ತರ ಅದು. ರೈಲು ನಿಲ್ದಾಣದ ಹಳದಿ ಫಲಕದಲ್ಲಿ ಊರಿನ ಹೆಸರಿನ ಕೆಳಗಿರುವ ಎತ್ತರ ಬೇರೆ ಸೊನ್ನೆಯದು: ಬಂದರುಗಳಲ್ಲಿ ವರ್ಷಗಟ್ಟಲೆ ಏರಿಳಿತವನ್ನು ಅಳೆದು ತೆಗೆದ ಸರಾಸರಿ ಸಮುದ್ರ ಮಟ್ಟದಿಂದ ಅದನ್ನು ಲೆಕ್ಕ ಹಾಕಿರುತ್ತಾರೆ. ಸಮುದ್ರ ಕಾಣದ ರಾಯಚೂರಿನ ನಿಲ್ದಾಣದಲ್ಲೂ ಸಮುದ್ರದ ಅಳತೆಯಿದೆ ಎಂಬುದನ್ನು ಮಕ್ಕಳು ಹೋಗಿ ನೋಡಿ ಬರಲಿ.

ಹಂತ 5: ಬಸಿಯಲ್ಲಿ ಬಂಡೆಯ ಗುಂಡಿ

ಇದು ಒಂದು ದಿನದ ಕೆಲಸ. ಒಂದು ಲೀಟರ್ ನೀರಿಗೆ 35 ಗ್ರಾಂ ಉಪ್ಪು ಬೆರೆಸಿದರೆ ಸಮುದ್ರದ ನೀರಿನಷ್ಟು ಉಪ್ಪಾಗುತ್ತದೆ. ಅದನ್ನು ಎರಡು ಬಸಿಗಳಲ್ಲಿ ಹಾಕಿ ಒಂದನ್ನು ಬಿಸಿಲಿಗೂ ಒಂದನ್ನು ನೆರಳಿಗೂ ಇಡಿ. ಬಿಸಿಲಿನ ಬಸಿಯ ನೀರು ಬಿಸಿಯಾಗಿ, ಆವಿಯಾಗಿ, ಉಳಿದದ್ದು ಇನ್ನಷ್ಟು ಉಪ್ಪಾಗುತ್ತದೆ. ಇಳಿತದ ಹೊತ್ತಿನಲ್ಲಿ ಗುಂಡಿಯಲ್ಲಿ ಸಿಕ್ಕಿಕೊಂಡ ಮೀನಿನ ಕಷ್ಟ ಇದೇ. ಗಂಗಾವತಿ, ಸಿಂಧನೂರು ಕಡೆಯ ಮಕ್ಕಳಿಗೆ ಇದನ್ನು ವಿವರಿಸುವುದು ಸುಲಭ. ಕಾಲುವೆ ನೀರು ನಿಂತು ಆವಿಯಾಗಿ ಸವಳಾದ ಹೊಲವನ್ನು ಅವರು ನೋಡಿರುತ್ತಾರೆ.

ಹಂತ 6: ಕರಾವಳಿಗೆ ಹೋಗುವುದು

ದಿನವನ್ನು ಗೋಡೆಯ ಮೇಲಿನ ಗ್ರಾಫ್ ನೋಡಿ ಮಕ್ಕಳೇ ಆರಿಸಲಿ. ಅಷ್ಟಮಿಯ ಸುಮಾರಿಗೆ ಹೋದರೆ ಬಂಡೆಗಳು ಪೂರ್ತಿ ಬಯಲಾಗುವುದಿಲ್ಲ, ಪ್ರವಾಸ ದಂಡವಾಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಗಾಲದ ಅಬ್ಬರವಿರುವುದರಿಂದ ಮಕ್ಕಳನ್ನು ಬಂಡೆಗಳ ಹತ್ತಿರವೂ ಬಿಡಬಾರದು. ಎಳ್ಳ ಅಮಾವಾಸ್ಯೆಗೆ ಚರಗ ಚೆಲ್ಲಲು ಹೊಲಕ್ಕೆ ಹೋಗುವ ಮನೆಗಳವರು ಮಕ್ಕಳನ್ನು ಕಳಿಸುವುದಿಲ್ಲ, ಬನದ ಹುಣ್ಣಿಮೆಗೆ ಬನಶಂಕರಿ ಜಾತ್ರೆಯಿದೆ. ನನ್ನ ಆಯ್ಕೆ ಡಿಸೆಂಬರ್ ಸುಮಾರಿಗೆ ಬರುವ ಹೊಸ್ತಿಲ ಹುಣ್ಣಿಮೆಯ ಆಸುಪಾಸಿನ ದಿನಗಳು. ಉತ್ತರ ಕನ್ನಡದ ಕಡೆ ಹುಣ್ಣಿಮೆ, ಅಮಾವಾಸ್ಯೆಗಳಲ್ಲಿ ಇಳಿತವು ಬಹುಮಟ್ಟಿಗೆ ನಸುಕಿನಲ್ಲಿ ಮತ್ತು ಸಂಜೆಯ ಹೊತ್ತಿಗೆ ಬರುತ್ತದೆ. ಎರಡರಲ್ಲಿ ಹೆಚ್ಚು ತಗ್ಗಿನದನ್ನು ಕೋಷ್ಟಕದಿಂದ ಗುರುತಿಸಿ. ಆದರೆ ಸಂಜೆಯದಾದರೆ ಕತ್ತಲಾಗುವ ಮುನ್ನ ಎಲ್ಲರೂ ಬಂಡೆಯಿಂದ ಮೇಲೆ ಬಂದಿರಲೇಬೇಕು.

ಕೊಪ್ಪಳದಿಂದ ಗದಗ, ಹುಬ್ಬಳ್ಳಿ, ಯಲ್ಲಾಪುರ ಮಾರ್ಗವಾಗಿ ಅಂಕೋಲಾಕ್ಕೆ ಸುಮಾರು 250 ಕಿಲೋಮೀಟರ್. ಶಾಲಾ ಪ್ರವಾಸಗಳು ಸಾಮಾನ್ಯವಾಗಿ ಮುರ್ಡೇಶ್ವರ ಇಲ್ಲವೇ ಕಾರವಾರದ ದೊಡ್ಡ ಕಡಲತೀರಕ್ಕೆ ಹೋಗುತ್ತವೆ. ಅಲ್ಲಿ ಉದ್ದಕ್ಕೂ ಮರಳು. ಬಂಡೆಯ ಗುಂಡಿಗಳನ್ನು ಅರಸುವವರಿಗೆ ಅದು ಸರಿಯಾದ ಸ್ಥಳವಲ್ಲ. ಗೋಕರ್ಣದ ಓಂ ಬೀಚಿನಂತೆ ಬಂಡೆಗಳಿರುವ ತೀರ ಬೇಕು. ದಕ್ಷಿಣಕ್ಕೆ ಹೋಗುವವರಿಗೆ ಉಳ್ಳಾಲದ ಹತ್ತಿರದ ಸೋಮೇಶ್ವರವಿದೆ, ಆದರೆ ಅಲ್ಲಿ ಅಲೆಗಳ ರಭಸ ಹೆಚ್ಚು, ಚಿಕ್ಕ ಮಕ್ಕಳಿಗೆ ಬೇಡ.

ಇಳಿತದ ವೇಳೆಗೆ ಒಂದೂವರೆ ಗಂಟೆ ಮೊದಲೇ ತೀರವನ್ನು ತಲುಪಿ. ನೀರಿನ ಅಂಚನ್ನು ಬಂಡೆಯ ಒಣ ಭಾಗದ ಮೇಲೆ ಸೀಮೆಸುಣ್ಣದಿಂದ ಹದಿನೈದು ನಿಮಿಷಕ್ಕೊಮ್ಮೆ ಗುರುತಿಸಿ, ವೇಳೆ ಬರೆಸಿ. ಆಮೇಲೆ ಬಂಡೆಯನ್ನು ಮೇಲಿನಿಂದ ಕೆಳಗೆ ಓದಿಸಿ, ಏಕೆಂದರೆ ಜೀವಿಗಳು ಅಲ್ಲಿ ಮಟ್ಟ ಮಟ್ಟವಾಗಿ ನೆಲೆಸಿವೆ. ತೀರ ಮೇಲೆ, ಅಲೆಯ ಸಿಂಪಡಿಕೆ ಮಾತ್ರ ತಲುಪುವಲ್ಲಿ, ಕಾಳಿನಷ್ಟು ಸಣ್ಣ ಬಸವನಹುಳುಗಳು. ಅದರ ಕೆಳಗೆ ಬಂಡೆಗೆ ಗಟ್ಟಿಯಾಗಿ ಅಂಟಿ, ನೀರಿಲ್ಲದಾಗ ಬಾಯಿ ಮುಚ್ಚಿಕೊಂಡಿರುವ ಬಾರ್ನಕಲ್‌ಗಳು. ಇವು ಚಿಪ್ಪಿನಂತೆ ಕಂಡರೂ ಏಡಿ, ಸಿಗಡಿಗಳ ಬಳಗದವು. ಇನ್ನೂ ಕೆಳಗೆ, ಉತ್ತರ ಕನ್ನಡದವರು ನೀಲಿಕಲ್ಲು ಎನ್ನುವ ಚಿಪ್ಪುಜೀವಿಗಳು. ಗುಂಡಿಗಳೊಳಗೆ ಸನ್ಯಾಸಿ ಏಡಿ, ಪುಟ್ಟ ಮೀನು, ಹಸಿರು ಮತ್ತು ಕಂದು ಕಡಲಕಳೆ, ಹೂವಿನಂತೆ ಅರಳಿ ಮುಟ್ಟಿದರೆ ಮುದುಡುವ ಅನಿಮೋನಿ ಎಂಬ ಪ್ರಾಣಿ. ಒಂದಡಿ ಚೌಕದ ತಂತಿಯ ಚೌಕಟ್ಟನ್ನು ಮೂರು ಮಟ್ಟಗಳಲ್ಲಿ ಇಟ್ಟು, ಪ್ರತಿಯೊಂದರಲ್ಲಿ ಏನೇನು ಎಷ್ಟಿವೆ ಎಂದು ಎಣಿಸಿ ಬರೆದರೆ, ನೀರಿಲ್ಲದೆ ಎಷ್ಟು ಹೊತ್ತು ಬದುಕಬಲ್ಲವು ಎಂಬುದರ ಮೇಲೆ ಅವುಗಳ ವಾಸ ನಿಂತಿರುವುದು ತಿಳಿಯುತ್ತದೆ.

ಸುರಕ್ಷತೆಯ ವಿಷಯದಲ್ಲಿ ರಿಯಾಯಿತಿ ಬೇಡ. ಹಿಂದಿನ ದಿನವೇ ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರದ ಎತ್ತರದ ಅಲೆಗಳ ಮುನ್ನೆಚ್ಚರಿಕೆಯನ್ನು ನೋಡಿ. ಈ ಕೇಂದ್ರ ಇರುವುದು ಕಡಲಿಲ್ಲದ ಹೈದರಾಬಾದಿನಲ್ಲಿ ಎಂದರೆ ಮಕ್ಕಳಿಗೆ ಖುಷಿಯಾಗುತ್ತದೆ. ಐದು ಮಕ್ಕಳಿಗೆ ಒಬ್ಬ ದೊಡ್ಡವರಿರಲಿ, ಅವರಲ್ಲದೆ ಇನ್ನೊಬ್ಬರು ಸಮುದ್ರಕ್ಕೆ ಮುಖ ಮಾಡಿ ನಿಂತು ಅಲೆಯನ್ನಷ್ಟೇ ಕಾಯಲಿ. ಪಾಚಿ ಕಟ್ಟಿದ ಬಂಡೆ ಜಾರುತ್ತದೆ, ಬಾರ್ನಕಲ್ ಬರಿಗಾಲನ್ನು ಕೊಯ್ಯುತ್ತದೆ. ಹಿಡಿತವಿರುವ ಬೂಟು ಬೇಕು, ಚಪ್ಪಲಿ ನಡೆಯದು. ಬಿರುಕುಗಳಲ್ಲಿ ಕೈ ಹಾಕಬಾರದು. ಶಂಕುವಿನಾಕಾರದ ಚಂದದ ಚಿಪ್ಪುಗಳನ್ನು ಎತ್ತಿಕೊಳ್ಳಬಾರದು, ಅವುಗಳೊಳಗಿನ ಕೆಲವು ಹುಳುಗಳ ಕುಟುಕು ವಿಷಕಾರಿ. ದಡದಲ್ಲಿ ಸತ್ತು ಬಿದ್ದ ಲೋಳೆಮೀನೂ ಕುಟುಕಬಲ್ಲದು.

ನೀರು ತಿರುಗಿದ ಮೇಲಿನ ಹೊತ್ತು ಹೆಚ್ಚು ಅಪಾಯಕಾರಿ. ಒಟ್ಟು ಏರಿಕೆಯನ್ನು ಹನ್ನೆರಡು ಪಾಲು ಮಾಡಿದರೆ, ಮೊದಲ ಗಂಟೆಯಲ್ಲಿ ಒಂದು ಪಾಲು, ಎರಡನೆಯದರಲ್ಲಿ ಎರಡು, ಮೂರನೆಯ ಮತ್ತು ನಾಲ್ಕನೆಯ ಗಂಟೆಗಳಲ್ಲಿ ಮೂರು ಮೂರು ಪಾಲು ಏರುತ್ತದೆ ಎಂಬುದು ನಾವಿಕರ ಅಂದಾಜಿನ ಲೆಕ್ಕ. ಮೊದಲ ಗಂಟೆ ಏನೂ ಆಗದಂತೆ ಕಾಣುವುದರಿಂದಲೇ ಜನ ಬಂಡೆಯ ಮೇಲೆ ಸಿಕ್ಕಿಬೀಳುತ್ತಾರೆ. ಇಳಿತದ ವೇಳೆ ಕಳೆದು ಅರ್ಧ ಗಂಟೆಯೊಳಗೆ ಎಣಿಕೆ ಮಾಡಿ ಎಲ್ಲರನ್ನೂ ಮೇಲೆ ಕರೆತನ್ನಿ.

ಕಲ್ಲನ್ನು ಎತ್ತಿ ನೋಡಿದರೆ ಮತ್ತೆ ಹಾಗೆಯೇ ಇಡಬೇಕು. ಏನನ್ನೂ ಊರಿಗೆ ತರಬಾರದು, ಖಾಲಿ ಚಿಪ್ಪನ್ನೂ ಸಹ. ಸನ್ಯಾಸಿ ಏಡಿಗೆ ಬೇಕಾದ ಮನೆ ಅದು. ಹವಳ, ಕಡಲಕುದುರೆ, ಕಡಲಸೌತೆಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯೂ ಇದೆ.

ಪ್ರವಾಸ ಸಾಧ್ಯವಾಗದಿದ್ದರೆ

ಮೊದಲ ಐದು ಹಂತಗಳಿಗೆ ಊರು ಬಿಡಬೇಕಿಲ್ಲ. ಆರನೆಯದಕ್ಕೆ ಬದಲಾಗಿ ಕುಮಟಾ ಅಥವಾ ಕಾರವಾರದ ಕಡೆಯ ಶಾಲೆಯೊಂದರ ಶಿಕ್ಷಕರೊಡನೆ ಮಾತನಾಡಿ, ಒಂದೇ ಬಂಡೆಯ ಫೋಟೋವನ್ನು ಒಂದೇ ಜಾಗದಲ್ಲಿ ನಿಂತು ಗಂಟೆಗೊಮ್ಮೆ ತೆಗೆದು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಲು ಕೇಳಿ. ಇದನ್ನು ಒಮ್ಮೆ ಹುಣ್ಣಿಮೆಯ ಸುಮಾರಿಗೆ, ಇನ್ನೊಮ್ಮೆ ಅಷ್ಟಮಿಯ ಸುಮಾರಿಗೆ ಮಾಡಿಸಬೇಕು. ಫೋಟೋದಲ್ಲಿ ವೇಳೆ ನಮೂದಾಗಿರಲಿ ಮತ್ತು ಅಳತೆಗಾಗಿ ಬಂಡೆಯ ಪಕ್ಕದಲ್ಲಿ, ಹೆಚ್ಚಿನ ಉಬ್ಬರದಲ್ಲೂ ಮುಳುಗದಷ್ಟು ಉದ್ದದ, ಅರ್ಧ ಅಡಿಗೊಂದು ಗುರುತು ಹಾಕಿದ ಬಿದಿರಿನ ಗಳು ನೆಟ್ಟಿರಲಿ. ಆ ಓದುಗಳನ್ನು ನಿಮ್ಮ ಗೋಡೆಯ ಗ್ರಾಫಿನ ಮೇಲೆ ಬೇರೆ ಬಣ್ಣದಲ್ಲಿ ಗುರುತಿಸಿ. ಎತ್ತರಗಳು ಪಟ್ಟಿಗೆ ಸರಿಯಾಗಿ ಹೊಂದುವುದಿಲ್ಲ, ಏಕೆಂದರೆ ಗಳುವಿನ ಸೊನ್ನೆ ಬೇರೆ, ಗಾಳಿ ಮತ್ತು ಅಲೆಯೂ ಸೇರಿಕೊಂಡಿರುತ್ತವೆ. ಹೊಂದಬೇಕಾದ್ದು ಏರಿಳಿತದ ವೇಳೆ ಮತ್ತು ಎರಡು ದಿನಗಳ ನಡುವಿನ ವ್ಯತ್ಯಾಸ.